ಮಕ್ಕಳ ಡಬ್ಬಿ

ಹಾನಗಲ್ಲಿನ ಕೆರೆ ಕೆಲಸ ಮುಗಿದ ಮೇಲೆ ಅಲ್ಲಿ ಆಫೀಸಾಗಿದ್ದ ಬಿಳಿ ಕ್ಯಾಬಿನ್ನನ್ನು ಕಂಪನಿಯವರು ಟ್ರೇಲರಿನ ಮೇಲೆ ಹೇರಿಕೊಂಡು ತಡಸದ ಹತ್ತಿರದ ಹೆದ್ದಾರಿ ಸೈಟಿಗೆ ತಂದರು. ಕ್ರೇನು ಅದನ್ನು ಎತ್ತಿ ಕಾಂಕ್ರೀಟಿನ ದಿಮ್ಮಿಗಳ ಮೇಲೆ ಕೂರಿಸುವುದನ್ನು ನೋಡಲು ಬುಟ್ಟಿ ಹೊತ್ತ ಹೆಂಗಸರೆಲ್ಲ ನಿಂತರು. ಹೊರಗೆ ತಗಡು, ನಡುವೆ ದಪ್ಪ ಥರ್ಮಾಕೋಲು, ಒಳಗೆ ಪ್ಲೈವುಡ್ಡು. ಒಂದು ಬಾಗಿಲು. ಎರಡು ಕಿಟಕಿ ಇದ್ದವು, ಆದರೆ ಹಾನಗಲ್ಲಿನಲ್ಲಿ ಏಸಿ ಹಾಕಿಸುವಾಗ ಯಾರೋ ಅವಕ್ಕೆ ಗಾಜು ಕೂರಿಸಿ ಅಂಚಿಗೆಲ್ಲ ಅಂಟು ಬಳಿದು ತೆರೆಯದಂತೆ ಮಾಡಿಬಿಟ್ಟಿದ್ದರು. ಸೈಟಿನ ಜನ ಮೊದಲ ದಿನವೇ ಅದಕ್ಕೆ ಮಕ್ಕಳ ಡಬ್ಬಿ ಎಂದು ಹೆಸರಿಟ್ಟರು.

ಅದಕ್ಕೂ ಮುಂಚೆ ಕೂಲಿಯವರ ಮಕ್ಕಳು ಉಸುಕಿನ ಗುಡ್ಡೆಯ ಮಗ್ಗುಲಲ್ಲಿ, ತಾಡಪತ್ರಿಯ ನೆರಳಿಗೆ ಬಿದ್ದಿರುತ್ತಿದ್ದವು. ಹಿಂದಕ್ಕೆ ಸರಿಯುತ್ತಿದ್ದ ಟಿಪ್ಪರೊಂದು ಒಂದು ಕೂಸಿನ ಕಾಲಬುಡಕ್ಕೇ ಬಂದು ನಿಂತ ಮೇಲೆ, ಮಕ್ಕಳಿಗೊಂದು ಜಾಗ ಬೇಕು, ನೋಡಿಕೊಳ್ಳಲು ಆಯಾ ಬೇಕು ಎಂದು ಸೈಟ್ ಎಂಜಿನಿಯರ್ ಶಿವಯೋಗಿ ಮೇಲಿನವರ ಬೆನ್ನು ಬಿದ್ದಿದ್ದ. ಹಾಗೆ ಆಯಾ ಆಗಿ ಬಂದವಳು ನುಜಹತ.

ಅವಳು ಸವಣೂರಿನವಳು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಬಂಕಾಪುರಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಹೋಗು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಅವಳ ಹಾಸಿಗೆ ಹಾಸಲು ಜಾಗವೇ ಇಲ್ಲದಂತಾಯಿತು. ಸವಣೂರಿಗೆ ತಮ್ಮನ ಮನೆಗೆ ಬಂದಳು. ತಮ್ಮನ ಹೆಂಡತಿ ಗೌಹರ ಕೆಟ್ಟವಳಲ್ಲ, ಹೊಟ್ಟೆ ತುಂಬ ಬಡಿಸುತ್ತಿದ್ದಳು, ಹಬ್ಬಕ್ಕೆ ಸೀರೆ ತರಿಸುತ್ತಿದ್ದಳು. ಆದರೆ ನುಜಹತ ಕೂಸನ್ನು ಎತ್ತಿಕೊಂಡರೆ ಸ್ವಲ್ಪ ಹೊತ್ತಿಗೆ ಏನಾದರೊಂದು ನೆವ ತೆಗೆದು ಇಸಿದುಕೊಂಡುಬಿಡುತ್ತಿದ್ದಳು. ಹಾಲು ಕುಡಿಸಬೇಕು, ಸ್ನಾನ ಮಾಡಿಸಬೇಕು. ನುಜಹತಳ ಕೈ ಹಾಗೇ ಬರಿದಾಗಿ ಮಡಿಲಿಗೆ ಬೀಳುತ್ತಿತ್ತು. ತಡಸದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವಿದೆ ಎಂದು ಯಾರೋ ಹೇಳಿದಾಗ ಅವಳು ಎರಡನೇ ಮಾತು ಆಡಲಿಲ್ಲ.

ತಡಸದಲ್ಲಿ ಸರೋಜವ್ವ ಎಂಬ ಮುದುಕಿಯ ಹಿತ್ತಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಳು. ಸರೋಜವ್ವ ನಳದ ನೀರಿನ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ನೀರು ಬಾರದ ದಿನ ಅದೂ ಇಲ್ಲ.

ಡಬ್ಬಿಯ ಮೊದಲ ತಿಂಗಳುಗಳು ಚೆನ್ನಾಗಿದ್ದವು. ಬೆಳಿಗ್ಗೆ ಹೆಂಗಸರು ಮಕ್ಕಳನ್ನು ತಂದು ಬಿಡುತ್ತಿದ್ದರು. ಸುರಪುರ, ಯಾದಗಿರಿ ಕಡೆಯವರೇ ಹೆಚ್ಚು. ಹೊರಗೆ ರಸ್ತೆಯ ಧೂಳು ಮುಗಿಲಿಗೇರುತ್ತಿತ್ತು, ಜಲ್ಲಿಯ ಮಷೀನು ಗರಗರ ಎನ್ನುತ್ತಿತ್ತು. ಬಾಗಿಲು ಮುಚ್ಚಿ ಏಸಿ ಹಾಕಿದರೆ ಒಳಗೆ ಬೇರೆಯದೇ ಲೋಕ. ಮಕ್ಕಳು ಅವಳನ್ನು ಅವಳ ಮನೆಮಾತಿನಂತೆ ಬೂವಾ, ಅಂದರೆ ಅತ್ತೆ, ಎಂದು ಕರೆಯತೊಡಗಿದವು. ಮಧ್ಯಾಹ್ನ ಅನ್ನ ಉಣಿಸಿ ಸಾಲಾಗಿ ಮಲಗಿಸಿದರೆ ಎಲ್ಲವೂ ಗಾಢವಾಗಿ ಮಲಗಿಬಿಡುತ್ತಿದ್ದವು. ಸಂಜೆ ಅವ್ವಂದಿರು ಬಂದು ಅಲುಗಾಡಿಸಿ ಎಬ್ಬಿಸಬೇಕು, ಅಷ್ಟು ನಿದ್ದೆ. ನುಜಹತಳೂ ಅವುಗಳ ನಡುವೆ ಒಂದು ಚಾಪೆ ಹಾಸಿಕೊಂಡು ಅಡ್ಡಾಗುತ್ತಿದ್ದಳು. ಇಲ್ಲಿ ಯಾರೂ ಬಂದು ಕೂಸನ್ನು ಕಸಿದುಕೊಳ್ಳುವುದಿಲ್ಲ ಎಂದುಕೊಂಡು ಕಣ್ಣು ಮುಚ್ಚುತ್ತಿದ್ದಳು.

ಸೈಟಿಗೆ ಸಾಹೇಬರು ಬಂದರೆ ಶಿವಯೋಗಿ ಅವರನ್ನು ಡಬ್ಬಿಯ ಬಾಗಿಲಿಗೆ ಕರೆತಂದು ತೋರಿಸುತ್ತಿದ್ದ. "ನೋಡ್ರಿ ಸರ್, ಇಷ್ಟ ಮಕ್ಕಳದಾವ, ಒಂದರ ದನಿ ಕೇಳಸ್ತೈತೇನು?"

ಆದರೆ ಮಧ್ಯಾಹ್ನ ಕಳೆಯುವ ಹೊತ್ತಿಗೆ ನುಜಹತಳ ತಲೆ ಸಿಡಿಯುತ್ತಿತ್ತು. ಹಣೆಗೆ ಪಟ್ಟಿ ಕಟ್ಟಿದ ಹಾಗೆ ಬಿಗಿ. ಮಕ್ಕಳು ಎದ್ದರೂ ಕಣ್ಣು ಕೆಂಪಗೆ, ಮೈ ಜೋಲು; ಒಂದೆರಡು ಮಕ್ಕಳು ಉಂಡದ್ದನ್ನು ಕಾರಿಕೊಳ್ಳುತ್ತಿದ್ದವು. ಬಿಸಿಲಿನ ತಾಪ ಎಂದರು ಅವ್ವಂದಿರು. ತನ್ನ ತಲೆನೋವಿಗೆ ನುಜಹತ ಬೇರೆ ಕಾರಣ ಹುಡುಕಿಕೊಂಡಿದ್ದಳು. ಒಂಟಿ ಹೆಂಗಸಿನ ತಲೆಯೊಳಗೆ ಯೋಚನೆ ಜಾಸ್ತಿ, ಅದಕ್ಕೇ ನೋಯುತ್ತದೆ ಎಂದು ಗೌಹರ ಹಿಂದೊಮ್ಮೆ ಹೇಳಿದ್ದಳು. ಇರಬಹುದು ಎಂದುಕೊಂಡು ಚಹಾ ಕುಡಿದು ಸುಮ್ಮನಾಗುತ್ತಿದ್ದಳು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಸೆಕೆ ಏರಿತು. ಆಫೀಸಿನ ಕ್ಯಾಬಿನ್ನುಗಳಿಗೆ ಸದ್ದು ತೊಂದರೆ ಎಂದು ದೊಡ್ಡ ಜನರೇಟರನ್ನು ಎಳೆತಂದು ಡಬ್ಬಿಯ ಹಿಂದೆ ಇಟ್ಟರು. ಆ ಸದ್ದಿಗೂ ಮಕ್ಕಳು ಒಗ್ಗಿದವು. ಆ ಮಕ್ಕಳಲ್ಲಿ ಮಾಳಿ ಎಂಬ ಮೂರು ವರ್ಷದ ಹುಡುಗಿಯ ಮೇಲೆ ನುಜಹತಳಿಗೆ ಒಂದು ತೂಕ ಜಾಸ್ತಿ ಪ್ರೀತಿ. ಸುರಪುರ ಕಡೆಯ ನಾಗವ್ವನ ಮಗಳು. ಮಾಳಿಗೆ ಬೆವರುಗುಳ್ಳೆ ಎದ್ದಿದ್ದವು. ಏಸಿಯ ಕೊಳವೆ ಹಿಂದಿನ ಗೋಡೆಯ ತೂತಿನಿಂದ ಒಳಗೆ ಬರುವ ಮೂಲೆಯೇ ಎಲ್ಲಕ್ಕಿಂತ ತಂಪು. ನುಜಹತ ಅವಳನ್ನು ದಿನಾ ಆ ಮೂಲೆಯಲ್ಲೇ ಮಲಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಎದ್ದರು, ಮಾಳಿ ಏಳಲಿಲ್ಲ.

ಮೊದಲು ನುಜಹತ ನಗುತ್ತಲೇ ಕೆನ್ನೆ ತಟ್ಟಿದಳು. ಆಮೇಲೆ ಭುಜ ಹಿಡಿದು ಅಲುಗಿಸಿದಳು. ಹುಡುಗಿಯ ಕುತ್ತಿಗೆ ಒಂದು ಕಡೆ ವಾಲಿತು, ಕಣ್ಣರೆಪ್ಪೆ ಅರ್ಧ ತೆರೆದು ಬಿಳಿಗುಡ್ಡೆ ಕಂಡಿತು. ನುಜಹತ ಎತ್ತಿಕೊಂಡು ಏಳಲು ಹೋದರೆ ತನ್ನದೇ ಕಾಲು ನಡುಗಿ ಗೋಡೆ ಹಿಡಿದಳು. ಹೇಗೋ ಬಾಗಿಲು ನೂಕಿ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹಾಕಿದಳು. ನಾಗವ್ವ ಬುಟ್ಟಿ ಎಸೆದು ಓಡಿ ಬಂದಳು. ಶಿವಯೋಗಿಯ ಜೀಪಿನಲ್ಲಿ ತಾಯಿ ಮಗಳನ್ನು ಶಿಗ್ಗಾಂವಿಯ ದವಾಖಾನೆಗೆ ಒಯ್ಯಲು ಕೂರಿಸಿದರು. ಜೀಪಿನಲ್ಲಿ ನುಜಹತ ಕೂರಲು ಹೋದಳು. ನಾಗವ್ವ ಸೆರಗನ್ನು ಮಗಳ ಮೇಲೆಳೆದುಕೊಂಡು ಆ ಕಡೆ ತಿರುಗಿದಳು. ನುಜಹತ ಕೆಳಗೇ ನಿಂತಳು.

ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು. ಸಂಜೆಗೆ ಮಾಳಿ ಎದ್ದು ಕೂತು ಬಿಸ್ಕೀಟು ತಿಂದಳು. ಅಲ್ಲಿನ ನರ್ಸು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದಳು: "ಕೂಸಿಗೆ ಏನ್ ಕುಡಿಸಿದ್ರಿ?" ನಾಗವ್ವ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಸೈಟಿಗೆ ಮರಳಿದಳು.

ಮರುದಿನದ ಹೊತ್ತಿಗೆ ಮಾತು ಶೆಡ್ಡಿನಿಂದ ಶೆಡ್ಡಿಗೆ ಹರಿದಿತ್ತು. ಆಯಾ ಹಾಲಿನಲ್ಲಿ ನಿದ್ದೆಯ ಔಷಧಿ ಹಾಕುತ್ತಾಳೆ. ಇಲ್ಲದಿದ್ದರೆ ಇಷ್ಟೊಂದು ಮಕ್ಕಳು ಒಟ್ಟಿಗೆ ಹೀಗೆ ಮಲಗುತ್ತಾವೇನು? ತಾನು ಆರಾಮಾಗಿ ಮಲಗಲಿಕ್ಕೆ ಹಾಕುತ್ತಾಳೆ. ಮಕ್ಕಳಿಲ್ಲದಾಕೆ, ಅವಳಿಗೇನು ಗೊತ್ತು.

ನೀರಿನ ಟ್ಯಾಂಕರಿನ ಹತ್ತಿರ ಇದು ನುಜಹತಳ ಕಿವಿಗೇ ಬಿತ್ತು. ಅವಳು ಕೊಡ ಇಳಿಸಿ ನಾಗವ್ವನ ಹತ್ತಿರ ಹೋದಳು.

"ನಾಗವ್ವ, ನಾ ಏನೂ ಹಾಕಿಲ್ಲಬೇ. ನೀವು ಕೊಟ್ಟಿದ್ದ ಹಾಲ, ನೀವು ಕೊಟ್ಟಿದ್ದ ಅನ್ನ."

"ಮತ್ತ ಹಂಗ್ಯಾಕ ಆತು?"

"ನನಗ ಗೊತ್ತಿಲ್ಲ."

"ಗೊತ್ತಿಲ್ಲದಾಕಿ ಕೈಯಾಗ ಕೂಸು ಹೆಂಗ ಕೊಡೂದು?" ಎಂದಳು ನಾಗವ್ವ. ಸಿಟ್ಟಿನಿಂದಲ್ಲ, ದಣಿದವರ ದನಿಯಲ್ಲಿ. ನುಜಹತ ಕೊಡ ಎತ್ತಿಕೊಂಡು ಹೊರಟಳು.

ಅಂದಿನಿಂದ ಒಬ್ಬರೂ ಮಕ್ಕಳನ್ನು ಕಳಿಸಲಿಲ್ಲ. ಮಕ್ಕಳು ಮತ್ತೆ ತಾಡಪತ್ರಿಯ ಕೆಳಗೆ ಬಂದವು. ನಾಗವ್ವ ಮಾಳಿಯ ಸೊಂಟಕ್ಕೆ ಹಳೆಯ ಸೀರೆಯ ತುಂಡು ಕಟ್ಟಿ ಇನ್ನೊಂದು ತುದಿಯನ್ನು ಕಬ್ಬಿಣದ ಕಂಬಕ್ಕೆ ಬಿಗಿದು ಕೆಲಸಕ್ಕೆ ಹೋಗುತ್ತಿದ್ದಳು. ಮಾಳಿ ಆ ಉದ್ದಕ್ಕೆ ಎಷ್ಟಾಗುತ್ತದೋ ಅಷ್ಟು ದೂರ ಬಂದು ಡಬ್ಬಿಯ ಕಡೆ ನೋಡುತ್ತಿದ್ದಳು. ಕೆಲಸ ಬಿಟ್ಟು ಹೋಗುತ್ತೇನೆ ಎಂದಳು ನುಜಹತ. ಶಿವಯೋಗಿ, "ಈಗ ಹೋದ್ರ ಅವರ ಮಾತ ಖರೆ ಆಗತೈತಿ. ಬಂದು ಕುಂದರ್ರಿ, ಸಾಕು" ಎಂದ.

ಅವಳು ಬಂದು ಕೂತಳು. ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸಿ, ಚಾಪೆಗಳನ್ನು ಸಾಲಾಗಿ ಹಾಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಒಬ್ಬರಾದರೂ ಬಂದಾರು ಎಂದು. ಧೂಳು ಬಂದು ಚಾಪೆಯ ಮೇಲೆ ಕೂತರೆ ಮತ್ತೆ ಝಾಡಿಸುತ್ತಿದ್ದಳು. ಒಬ್ಬಳಿಗೋಸ್ಕರ ಏಸಿ ಯಾಕೆ ಎಂದು ಅದನ್ನು ಹಾಕುತ್ತಿರಲಿಲ್ಲ. ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಉಂಡು, ಅಲ್ಲೇ ಕಂಬದ ಹತ್ತಿರದ ಹುಡುಗಿಯನ್ನು ನೋಡುತ್ತ, ಹೊತ್ತು ಇಳಿದ ಮೇಲೆ ಚಾಪೆಗಳನ್ನು ಸುತ್ತಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಇಡೀ ದಿನ ಒಂದು ಮಾತೂ ಆಡದೆ ಕೋಣೆಗೆ ಮರಳಿ, ತನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲಿಕ್ಕೆಂಬಂತೆ ಸರೋಜವ್ವನನ್ನು ಕೇಳುತ್ತಿದ್ದಳು: "ನೀರು ಬಂದಿತ್ತೇನ್ರಿ?"

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಂಗಡಿಗೆ ಹೋಗಿ ಅಭ್ಯಾಸದಂತೆ ತಲೆನೋವಿನ ಗುಳಿಗೆ ಕೇಳಿದಳು. ಗುಳಿಗೆ ಕೈಗೆ ಬಂದಾಗ ನೆನಪಾಯಿತು. ಮನೆಯಲ್ಲಿ ಹಳೆಯ ಗುಳಿಗೆಗಳೇ ಹಾಗೇ ಉಳಿದಿದ್ದವು. ಮಕ್ಕಳು ಬಾರದಾದಾಗಿನಿಂದ ತಲೆನೋವೇ ಬಂದಿರಲಿಲ್ಲ.

ಅವಳಿಗೆ ಇದು ವಿಚಿತ್ರವೆನಿಸಿತು. ದುಃಖಕ್ಕೆ ನೋಯುವ ತಲೆಯಾಗಿದ್ದರೆ ಈಗ ಒಡೆದೇ ಹೋಗಬೇಕಿತ್ತು. ಇಷ್ಟು ದುಃಖ ಅವಳಿಗೆ ಬಂಕಾಪುರದಲ್ಲೂ ಆಗಿರಲಿಲ್ಲ. ಆದರೂ ತಲೆ ಹಗುರವಾಗಿದೆ, ಹೊಟ್ಟೆ ಹಸಿಯುತ್ತದೆ. ಆಗಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಮಕ್ಕಳಿಲ್ಲ. ಏಸಿ ಇಲ್ಲ. ಬಾಗಿಲು ತೆರೆದಿದೆ.

ಮರುದಿನ ಬಾಗಿಲು ಮುಚ್ಚಿ ಏಸಿ ಹಾಕಿದಳು. ಮಾಳಿ ಮಲಗುತ್ತಿದ್ದ ಮೂಲೆಗೆ ಹೋಗಿ ಅದೇ ಚಾಪೆಯ ಮೇಲೆ ಮಗ್ಗುಲಾದಳು. ಗೋಡೆಯ ಆ ಕಡೆ ಜನರೇಟರು ಗುಡುಗುತ್ತಿತ್ತು. ಕೊಳವೆಯ ತೂತಿನ ಸುತ್ತ ಬೆರಳಗಲ ಸಂದು ಇರುವುದು ಅವಳಿಗೆ ಮಲಗಿದಾಗಲೇ ಕಂಡದ್ದು. ಅಲ್ಲಿಂದ ಸಣ್ಣಗೆ ಸುಟ್ಟ ವಾಸನೆ ಬರುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಣೆಯ ಆ ಹಳೆಯ ಬಿಗಿ ಬಂತು. ಹೊಟ್ಟೆ ತೊಳಸಿತು. ಕಣ್ಣು ಮುಚ್ಚಿದರೆ ಎಷ್ಟು ಹಿತ ಅನಿಸಿತು. ಇನ್ನೊಂದಿಷ್ಟು ಹೀಗೇ ಇದ್ದುಬಿಡಬಹುದು, ಎಬ್ಬಿಸುವವರು ಯಾರೂ ಇಲ್ಲ. ಆ ಯೋಚನೆಯೇ ಅವಳನ್ನು ಹೆದರಿಸಿತು. ಅಂಬೆಗಾಲಿಡುತ್ತ ಬಾಗಿಲಿಗೆ ಬಂದು ಹೊರಗೆ ಬಿದ್ದು, ಬೇವಿನ ಬುಡದಲ್ಲಿ ವಾಂತಿ ಮಾಡಿಕೊಂಡಳು.

ಶಿವಯೋಗಿ ಅವಳ ಮಾತನ್ನು ಪೂರ್ತಿ ಕೇಳಿದ. ಅವನು ಬಾದಾಮಿ ಕಡೆಯವನು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಸೈಟಿನಿಂದ ಸೈಟಿಗೆ ತಿರುಗುವವನು. ತಾನೇ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ ಜಾಗವಿದು. ಅವನ ಮುಖ ಚಿಕ್ಕದಾಯಿತು.

"ಅದರಾಗ ಏಸಿ ಐತೆಲ್ಲ. ಹೊಸಾ ಗಾಳಿ ಬರತಿರಬೇಕಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಎದ್ದ. "ನಡೀರಿ. ನಾ ಒಬ್ಬನ ಒಳಗ ಕುಂದರತೇನಿ. ನೀವು ಹೊರಗಿದ್ದು ಆಗಾಗ ಬಾಗಲಾ ಬಡೀರಿ. ನಾ ಓ ಅನಲಿಲ್ಲಂದ್ರ ತಗದುಬಿಡ್ರಿ."

ಅವಳು ಹೊರಗೆ ನಿಂತು ತಗಡಿನ ಬಾಗಿಲು ಬಡಿದಳು. ಒಳಗಿನಿಂದ ಓ ಬಂತು. ಬಡಿದಳು, ಬಂತು. ಹೊತ್ತು ಕಳೆದಂತೆ ಓ ಎಂಬುದು ತಡವಾಗಿ ಬರತೊಡಗಿತು. ಅವಳು ಕಾಯದೆ ಬಾಗಿಲು ತೆಗೆದಳು. ಶಿವಯೋಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ನಂತರ ಎದ್ದು ಹೋಗಿ ಜನರೇಟರು ಬಂದ್ ಮಾಡಿಸಿದ. ಇಡೀ ಸೈಟು ಒಮ್ಮೆಲೇ ನಿಶ್ಶಬ್ದವಾಯಿತು.

ಹುಬ್ಬಳ್ಳಿಯಿಂದ ಕಂಪನಿಯ ಸುರಕ್ಷತಾ ವಿಭಾಗದವನೊಬ್ಬ ಗಾಳಿ ಅಳೆಯುವ ಯಂತ್ರ ತಂದ. ತೊಂದರೆ ಒಂದಲ್ಲ, ಎರಡು ಎಂದು ಅವನು ಬಿಡಿಸಿ ಹೇಳಿದ. ಏಸಿ ಹೊಸ ಗಾಳಿಯನ್ನು ತರುವುದಿಲ್ಲ, ಇದ್ದ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಅಷ್ಟು ಮಕ್ಕಳು ಬಿಟ್ಟ ಉಸಿರು ಹೋಗಲು ದಾರಿಯಿಲ್ಲದೆ ಅಲ್ಲೇ ತುಂಬಿಕೊಂಡು ಮಂಪರು ಬರುತ್ತಿತ್ತು. ಅದರ ಮೇಲೆ ಜನರೇಟರಿನ ಹೊಗೆ. ಕೊಳವೆಯ ಸಂದಿನಿಂದ ಮೂಲೆಗೆ ಇಳಿಯುತ್ತಿದ್ದ ಆ ಹೊಗೆಯ ವಿಷ ಕಣ್ಣಿಗೆ ಕಾಣದು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ, ಎಂದು ಆತ ಮಾತು ನಿಲ್ಲಿಸಿದ.

ನುಜಹತ ಗೋಡೆಗೆ ಒರಗಿ ನಿಂತಿದ್ದಳು. ತಂಪೆಂದು ಆ ಮೂಲೆಯನ್ನು ಆರಿಸಿದವಳು ತಾನೇ. ಔಷಧಿ ಹಾಕಿಲ್ಲ ಎಂದು ಈಗ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಅವಳಿಗೆ ಬಿಡುಗಡೆ ಅನಿಸಲಿಲ್ಲ.

ಜನರೇಟರನ್ನು ಗಾಳಿ ಡಬ್ಬಿಯಿಂದಾಚೆ ಬೀಸುವ ಜಾಗಕ್ಕೆ ದೂರ ಒಯ್ದು ಅದರ ಹೊಗೆಗೊಳವೆಯನ್ನು ಎತ್ತರಿಸಿದರು. ಕ್ಯಾಬಿನ್ನಿಗೆ ಕಿಟಕಿ ಕೊರೆಯಲು ಸವಣೂರಿನಿಂದ ವೆಲ್ಡಿಂಗ್ ಕೆಲಸದ ನಬೀಸಾಬ ಬಂದ. ವಯಸ್ಸಾದವನು, ನುಜಹತಳ ಅಪ್ಪನನ್ನು ಬಲ್ಲವನು. ಮೊದಲು ಸಂದುಗಳನ್ನೆಲ್ಲ ಮುಚ್ಚಿದ. ಆಮೇಲೆ ರಸ್ತೆಯ ಧೂಳು ಬಾರದ ಪೂರ್ವದ ಗೋಡೆಯಲ್ಲಿ ನೆಲದ ಹತ್ತಿರ ಉದ್ದನೆಯ ಸೀಳುಗಳನ್ನು ಕೊರೆದು ಜಾಳಿಗೆ ಕೂರಿಸಿದ. ಎದುರಿನ ಗೋಡೆಯಲ್ಲಿ ಮೇಲ್ಗಡೆ ಬಿಸಿ ಗಾಳಿ ಹೊರಹೋಗಲು ಫ್ಯಾನು. ಛಾವಣಿಯಲ್ಲಿ ಗಾಳಿಗೆ ತಾನೇ ತಿರುಗುವ ಗುಂಡನೆಯ ಗಿರಗಿಟ್ಲೆ. ಹಳೆಯ ಎರಡು ಕಿಟಕಿಗಳ ಅಂಟು ಕೆರೆದು ತೆರೆಯುವ ಹಾಗೆ ಮಾಡಿದ. ಬಾಗಿಲ ಹತ್ತಿರ ಗಾಳಿ ಕೆಟ್ಟರೆ ಕಿರುಚುವ ಒಂದು ಪುಟ್ಟ ಯಂತ್ರವನ್ನೂ ತೂಗುಹಾಕಿದರು. ಆದರೂ ನುಣ್ಣನೆಯ ಧೂಳು ಜಾಳಿಗೆಯಿಂದ ನುಸುಳುತ್ತಿತ್ತು. ನುಜಹತ ತೆಳು ಬಟ್ಟೆಯ ನಡುವೆ ಹಿಂಜಿದ ಹತ್ತಿಯನ್ನು ಬಲು ತೆಳ್ಳಗೆ ಹರಡಿ ಜಾಳಿಗೆಯ ಅಳತೆಗೆ ಪರದೆ ಹೊಲಿದಳು. ಕೊಳೆಯಾದಾಗ ಬಿಚ್ಚಿ ತೊಳೆಯಬಹುದು.

ನಬೀಸಾಬ ಆ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದ. "ನಿಮ್ಮಪ್ಪನ ಹೊಲಿಗಿ ಟಾಕಿ ಹಿಂಗ ಇರತಿತ್ತು. ಸವಣೂರಿಗೆ ಯಾವಾಗ ಬರ್ತಿ?"

"ಬರ್ತೇನಿ ಚಾಚಾ."

"ತಮ್ಮನ ಮನ್ಯಾಗ ಎಲ್ಲಾ ಆರಾಮ ಅದಾರ. ಇನ್ನೊಂದು ಕೂಸು ಆಗೇತಿ. ಹೇಳಿಲ್ಲೇನು ನಿನಗ?"

"ಹೇಳ್ಯಾರ" ಎಂದಳು ಅವಳು. ಹೇಳಿರಲಿಲ್ಲ.

ಡಬ್ಬಿ ಸಿದ್ಧವಾಯಿತು. ಶಿವಯೋಗಿ ಹೆಂಗಸರನ್ನೆಲ್ಲ ಸೇರಿಸಿ ನಡೆದದ್ದನ್ನು ತಿಳಿಸಿ ಹೇಳಿದ. ಅವರು ತಲೆಯಾಡಿಸಿದರು, ಮರುದಿನ ಮಕ್ಕಳನ್ನು ಮತ್ತೆ ತಾಡಪತ್ರಿಯ ಕೆಳಗೇ ಬಿಟ್ಟರು. ಯಂತ್ರ ಏನು ಹೇಳಿದರೇನು, ಕಂಪನಿಯವರು ತಮ್ಮ ಆಯಾಳನ್ನು ಕಾಯದೆ ಇರುತ್ತಾರೆಯೇ?

ಒಂದು ಸಂಜೆ ನುಜಹತ ತಾನೇ ಕೂಲಿಯವರ ಶೆಡ್ಡಿಗೆ ನಡೆದಳು. ಅಲ್ಲಿಗೆ ಅವಳು ಹೋದದ್ದು ಅದೇ ಮೊದಲು. ಕಟ್ಟಿಗೆ ಒಲೆಯ ಹೊಗೆ ತಗಡಿನ ಕೆಳಗೆ ದಟ್ಟವಾಗಿ ನಿಂತಿತ್ತು. ನಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಳಿ ಅವಳನ್ನು ಕಂಡು "ಬೂವಾ" ಎಂದು ಎದ್ದಳು, ಅವ್ವನ ಮುಖ ನೋಡಿ ಕೂತಳು.

"ಆ ಮೂಲ್ಯಾಗ ನಿನ್ನ ಮಗಳ್ನ ಮಲಗಿಸಿದಾಕಿ ನಾನ" ಎಂದಳು ನುಜಹತ. "ತಂಪ ಇರಲಿ ಅಂತ ಮಲಗಿಸಿದೆ. ಔಷಧ ಹಾಕಿಲ್ಲ. ನಂಬು ಅಂತ ಹೇಳೂದಿಲ್ಲ. ಸೂಟಿ ದಿನ ನೀನ ಬಂದು ಒಳಗ ಕುಂದರು. ನಿನ್ನ ಮೈಗೆ ತಿಳೀತೈತಿ."

ನಾಗವ್ವ ರೊಟ್ಟಿ ತಿರುವಿ ಹಾಕಿದಳು. ನುಜಹತ ಸ್ವಲ್ಪ ಹೊತ್ತು ನಿಂತು ಹೊರಟುಬಂದಳು.

ಭಾನುವಾರ ಉಳಿದವರೆಲ್ಲ ಟಂಟಂ ಗಾಡಿ ಮಾಡಿಕೊಂಡು ಗೊಟಗೋಡಿಯ ರಾಕ್ ಗಾರ್ಡನ್ ನೋಡಲು ಹೋದರು. ನಾಗವ್ವ ಹೋಗಲಿಲ್ಲ. ಊಟದ ಹೊತ್ತಿಗೆ ಮಾಳಿಯನ್ನು ಕಂಕುಳಲ್ಲಿ ಎತ್ತಿಕೊಂಡು ಡಬ್ಬಿಗೆ ಬಂದಳು. ಒಳಗೆಲ್ಲ ಒಂದು ಸಲ ಮೂಸಿ ನೋಡಿದಳು. ಗೋಡೆಗೆ ಒರಗಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಕೆಳಗಿನ ಸೀಳಿನಿಂದ ಬಂದ ಗಾಳಿ ಅವಳ ಸೆರಗನ್ನು ಅಲುಗಿಸುತ್ತಿತ್ತು. ನುಜಹತ ಹೊರಗೆ ಹೊಸ್ತಿಲಲ್ಲೇ ಉಳಿದಳು. ವಾರವೆಲ್ಲ ಬುಟ್ಟಿ ಹೊತ್ತ ನಾಗವ್ವ ಕೂತಲ್ಲೇ ತೂಕಡಿಸಿ, ಮಗಳ ಮಗ್ಗುಲಿಗೇ ಮಲಗಿಬಿಟ್ಟಳು. ಮೊದಲು ಎದ್ದವಳು ಮಾಳಿ. ಅವ್ವನ ಮೂಗು ಹಿಡಿದೆಳೆದು ಎಬ್ಬಿಸಿದಳು.

ನಾಗವ್ವ ಎದ್ದು ತಲೆಗೂದಲು ಕಟ್ಟಿಕೊಂಡಳು. "ನಮ್ಮ ಶೆಡ್ಡಿನ್ಯಾಗೂ ಒಂದು ಕಿಂಡಿ ಹೊಡಸ್ರಿ ಅಂತ ಸಾಹೇಬರಿಗೆ ಹೇಳ್ತೀಯೇನು?" ಎಂದಳು. ಅಷ್ಟೇ. ಸೋಮವಾರ ಬೆಳಿಗ್ಗೆ ಮಾಳಿಯನ್ನು ತಂದು ಬಿಟ್ಟಳು. ಮುಂದಿನ ದಿನಗಳಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಶಿವಯೋಗಿ ಶೆಡ್ಡುಗಳ ಛಾವಣಿಗೂ ಕಿಂಡಿ ಬಿಡಿಸಿದ.

ಈಗ ಮಕ್ಕಳು ಹಿಂದಿನಂತೆ ಮಲಗುತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಮಕ್ಕಳು ಎದ್ದೇ ಇರುತ್ತಿದ್ದವು. ಒಂದು ಅತ್ತರೆ ನಾಲ್ಕು ಅಳುತ್ತಿದ್ದವು. ಚಾಪೆ ಎಳೆದಾಡಿ, ಪರದೆ ಕಿತ್ತು, ಕಿಟಕಿಯಿಂದ ಕೈ ಹೊರಹಾಕಿ ಟಿಪ್ಪರುಗಳನ್ನು ಕರೆಯುತ್ತಿದ್ದವು. ನುಜಹತಳಿಗೆ ಒರಗಲು ಪುರುಸೊತ್ತಿಲ್ಲ. ಸಾಹೇಬರು ಬಂದರೆ ಶಿವಯೋಗಿ ದೂರದಿಂದಲೇ, "ಅಲ್ಲಿ ಗದ್ದಲ ಭಾಳ ಐತ್ರಿ ಸರ್" ಎನ್ನುತ್ತಿದ್ದ, ನಗುತ್ತ. ನುಜಹತ ಮನೆಗೆ ಹೋಗುವಾಗ ದನಿ ಬಿದ್ದುಹೋಗಿರುತ್ತಿತ್ತು. ಆ ಬೇಸಿಗೆ ಮತ್ತು ಮಳೆಗಾಲ ಅವಳ ಬಾಳಿನ ಒಳ್ಳೆಯ ಕಾಲ. ಆಗ ಅದು ಅವಳಿಗೆ ತಿಳಿಯಲಿಲ್ಲ, ಕೆಲಸ ಅಷ್ಟಿತ್ತು.

ದೀಪಾವಳಿಯ ಹೊತ್ತಿಗೆ ರಸ್ತೆಯ ಆ ತುಂಡು ಮುಗಿಯಿತು. ಕೂಲಿಯವರ ಮೇಸ್ತ್ರಿ ಗೋವೆಯ ಕಡೆ ಕೆಲಸ ಹಿಡಿದಿದ್ದ. ನಸುಕಿನಲ್ಲಿ ಲಾರಿ ಬಂತು. ನುಜಹತ ಬಂದು ಸೇರುವಷ್ಟರಲ್ಲಿ ಪಾತ್ರೆ ಹಾಸಿಗೆಯೆಲ್ಲ ಏರಿಸಿ ಆಗಿತ್ತು. ಮಾಳಿ ಅವ್ವನ ಹೆಗಲ ಮೇಲೆ ನಿದ್ದೆಯಲ್ಲಿದ್ದಳು. ಎಬ್ಬಿಸಲೇ ಎಂಬಂತೆ ನಾಗವ್ವ ನೋಡಿದಳು. "ಬ್ಯಾಡ, ಮಲಗಲಿ" ಎಂದಳು ನುಜಹತ. ನಾಗವ್ವ ಅವಳ ಫೋನ್ ನಂಬರು ಬರೆಸಿಕೊಂಡಳು. ಲಾರಿ ಹೋದ ಮೇಲೆ ಖಾಲಿ ಶೆಡ್ಡುಗಳ ನಡುವೆ ಒಂದು ನಾಯಿ ಮಾತ್ರ ಒಲೆ ಒಲೆ ಮೂಸುತ್ತ ತಿರುಗಿತು.

ಕಂಪನಿಗೆ ಹಿರೇಕೆರೂರಿನಲ್ಲಿ ನೀರಿನ ಯೋಜನೆಯ ಕೆಲಸ ಸಿಕ್ಕಿತ್ತು. ಡಬ್ಬಿ ಮತ್ತೆ ಟ್ರೇಲರ್ ಏರಿತು. ಶಿವಯೋಗಿಗೆ ವಿಜಯಪುರಕ್ಕೆ ವರ್ಗವಾಯಿತು. ಹೋಗುವಾಗ ಅವನು, "ನಿಮ್ಮನ್ನೂ ಹಿರೇಕೆರೂರಿಗೆ ತಗೊಳ್ಳಾಕ ಹೇಳೇನಿ. ಹೋಗ್ರಿ" ಎಂದ. ಅವಳು ಸವಣೂರಿಗೆ ಹೋಗಿ ತಮ್ಮನ ಹೊಸ ಕೂಸಿಗೆ ಒಂದು ಪುಟ್ಟ ಗಾದಿ ಕೊಟ್ಟು, ಗೌಹರ ಬಡಿಸಿದ್ದನ್ನು ಉಂಡು, ಸಂಜೆಯ ಬಸ್ಸಿಗೆ ಹೊರಟಳು. ಇರು ಎಂದರು. ಒಂದೇ ಸಲ ಎಂದರು.

ಹಿರೇಕೆರೂರಿನ ಹೊಸ ಸೈಟಿನ ಮುಖ್ಯಸ್ಥ ಶಂಭುಲಿಂಗ. ಒಳ್ಳೆಯ ಮನುಷ್ಯ, ಅವಸರದವನು. ಬಂದಿಳಿದ ಕ್ಯಾಬಿನ್ನುಗಳ ಒಳಗೆಲ್ಲ ಹೊಕ್ಕು ನೋಡಿ, "ಇದು ಚಲೋ ಐತಿ, ಇದರಾಗ ಗಾಳಿ ಆಡತೈತಿ, ಇದು ನನ್ನ ಆಫೀಸಿಗೆ ಇರಲಿ" ಎಂದು ಮಕ್ಕಳ ಡಬ್ಬಿಯನ್ನೇ ಆರಿಸಿಕೊಂಡ. ಬಾಲವಾಡಿಗೆ ಹೊಸದೊಂದು ಕ್ಯಾಬಿನ್ ಬಂತು. ಗಾಜಿನ ಕಿಟಕಿ, ತೆರೆಯುವಂತಿರಲಿಲ್ಲ. ಒಳಗೆ ಹೊಸ ಪ್ಲೈವುಡ್ಡಿನ ಅಂಟು ಕಣ್ಣು ಉರಿಸುತ್ತಿತ್ತು.

"ಇದರಾಗ ಮಕ್ಕಳ್ನ ಮಲಗಸೂದಿಲ್ರಿ" ಎಂದಳು ನುಜಹತ.

"ಯಾಕ್ರಿ? ಹೊಸಾದು ಐತಿ."

"ಕಿಟಕಿ ಕೊರಸ್ರಿ, ಆಮ್ಯಾಲ ಮಲಗಸ್ತೇನಿ. ಅಲ್ಲೀಮಟ ಹುಣಸಿಗಿಡದ ಕೆಳಗ ಇಟಗೊಂಡು ಕುಂದರತೇನಿ. ಆ ಕಡಿ ಗಾಡಿ ಬರಲಾರದಂಗ ತಂತಿ ಹಾಕಸ್ರಿ." ದನಿ ಏರಿಸದೆ ಹೇಳಿದಳು. ಹಾಗೆ ಯಾರೆದುರೂ ನಿಂತು ಮಾತಾಡಿದವಳಲ್ಲ ಅವಳು. ಶಂಭುಲಿಂಗ ಒಂದು ಗಳಿಗೆ ಅವಳನ್ನು ನೋಡಿ, ನೋಡೋಣ ಎಂದು ಹೋದ. ಮರುದಿನ ತಂತಿ ಬಂತು. ಕಿಟಕಿಗೆ ಜನ ಬರುತ್ತಾರೆ ಎಂದರು, ಯಾವಾಗ ಎಂದು ಹೇಳಲಿಲ್ಲ. ಕೂಲಿಯವರ ಕುಟುಂಬಗಳು ಇನ್ನೂ ಪೂರ್ತಿ ಬಂದಿರಲಿಲ್ಲ. ಹುಣಸೆಯ ಕೆಳಗೆ ಎರಡೇ ಮಕ್ಕಳು, ಅವಳ ಭಾಷೆ ತಿಳಿಯದ ಒಡಿಶಾದವು. ಅವು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ.

ಒಂದು ದಿನ ಆ ಮಕ್ಕಳಿಗೆ ಉಣಿಸುವಾಗ ಫೋನು ಬಂತು. ನಾಗವ್ವ.

"ಬೂವಾ, ಆ ಸೀಳು ಎಲ್ಲೆ ಕೊರದಿದ್ರು, ಮ್ಯಾಲೋ ಕೆಳಗೋ? ಇಲ್ಲಿ ಒಂದು ಡಬ್ಬಿ ಕೊಟ್ಟಾರ. ನಾವು ಹೆಣ್ಮಕ್ಕಳೆಲ್ಲಾ ಕೂಡಿ ಕೊರಸ್ರಿ ಅಂತ ಕುಂತೇವಿ. ಇಲ್ಲಾಂದ್ರ ಕೆಲಸಕ್ಕ ಹೋಗೂದಿಲ್ಲಂತ ಹೇಳೇವಿ. ಇಲ್ಲಿನ ಮೇಸ್ತ್ರಿ ಎಲ್ಲೆ ಕೊರೀಬೇಕಂತ ಕೇಳಾಕತ್ತಾನ."

ನುಜಹತ ಎದ್ದು ನಿಂತಳು. ಹೊಸ ಗಾಳಿಗೆ ಕೆಳಗೆ, ಬಿಸಿ ಹೋಗಲು ಎದುರಿನ ಗೋಡೆಯ ಮೇಲೆ. ಜನರೇಟರು ಹತ್ತಿರ ಇರಬಾರದು. ಕೊಳವೆಯ ತೂತು ಮುಚ್ಚಬೇಕು. ಮೊದಲು ಕೆಲವು ದಿನ ಖಾಲಿ ತೆರೆದಿಡಬೇಕು. ಎಲ್ಲವನ್ನೂ ಹೇಳಿದಳು. ಅಲ್ಲಿನ ಮೇಸ್ತ್ರಿಗೆ ಹಿಂದಿ ಮಾತ್ರ ಬರುತ್ತದೆಂದು ಫೋನು ಅವನ ಕೈಗೆ ಹೋಯಿತು. ತನ್ನ ಸವಣೂರಿನ ಉರ್ದುವಿನಲ್ಲಿ ಅವನಿಗೂ ಹೇಳಿದಳು. ಅವನು ಹಾಂ ಹಾಂ ಎಂದು ಫೋನನ್ನು ನಾಗವ್ವನಿಗೆ ತಿರುಗಿ ಕೊಟ್ಟ.

"ಮಾಳಿ ಹೆಂಗದಾಳ?" ಎಂದು ಕೇಳಿದಳು ನುಜಹತ.

"ಆರಾಮ ಅದಾಳ. ಆಡಾಕ ಹೋಗ್ಯಾಳ. ಇಡಲೇನು, ಮೇಸ್ತ್ರಿ ಕರ್ಯಾಕತ್ತಾನ."

"ಇಡು" ಎಂದಳು. ಆ ಕಡೆ ಆಗಲೇ ಇಟ್ಟಾಗಿತ್ತು.

ಒಡಿಶಾದ ಚಿಕ್ಕ ಹುಡುಗಿ ತಟ್ಟೆಯ ಮುಂದೆ ಬಾಯಿ ತೆರೆದು ಕಾಯುತ್ತಿತ್ತು. ನುಜಹತ ಕೂತು ಅನ್ನ ಕಲಸಿದಳು. ಉಣಿಸಿ ಬಾಯಿ ಒರೆಸಿ ಇಬ್ಬರನ್ನೂ ನೆರಳಿಗೆ ಸರಿಸಿ ಮಲಗಿಸಿದ ಮೇಲೆ, ಎದ್ದು ಶಂಭುಲಿಂಗನ ಆಫೀಸಿನ ಕಡೆ ನಡೆದಳು, ಕಿಟಕಿಯ ಜನ ಯಾವ ದಿನ ಬರುತ್ತಾರೆ ಎಂದು ಕೇಳಲಿಕ್ಕೆ.